ಹಾಜರಿ ಪುಸ್ತಕದಲ್ಲಿ ಸಿಕ್ಕ ನೊಂದ ಮನಸ್ಸುಗಳು

ಸಭಾಂಗಣದ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯರೇ,

ಮೊದಲು ನೆಟ್ಟಗೆ ಕೂತುಕೊಳ್ಳಿ. ಮೊದಲ ಸಾಲು ನೋಡಿ ಪತ್ರವನ್ನು ಗುಮಾಸ್ತರ ಮೇಜಿಗೆ ತಳ್ಳುವ ನಿಮ್ಮ ಅಭ್ಯಾಸ ನನಗೆ ಗೊತ್ತು. ಅದಕ್ಕೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಪುಟ ಮಗುಚಲು ಹೊರಟಿರುವ ಉಳಿದವರಿಗೂ ಅಷ್ಟೇ ಹೇಳುವುದು, ನಿಂತು ಓದಿ.

ನನ್ನ ಮೊಮ್ಮಗಳು ಮೂರು ವರ್ಷ ಓಡಾಡಿ ತೆಗೆದ ಸಾಕ್ಷ್ಯಚಿತ್ರವನ್ನು ಗ್ರಂಥಾಲಯದ ಸಭಾಂಗಣದಲ್ಲಿ ತೋರಿಸಲು ನೀವೇ ಅನುಮತಿ ಕೊಟ್ಟಿರಿ, ನೀವೇ ಕಿತ್ತುಕೊಂಡಿರಿ. ಬೇಡಿಕೊಂಡರೆ ಕಾಯಿಲೆ ವಾಸಿಯಾಗುತ್ತದೆಯೇ, ದೇವರ ಹೆಸರಿನಲ್ಲಿ ಹೇಳಿದ್ದನ್ನೆಲ್ಲ ನಂಬಬೇಕೇ ಎಂದು ಅದರಲ್ಲಿ ಕೇಳಿದ್ದಾಳೆ. ಮೂವತ್ತಾರು ಭಕ್ತರ ಮನಸ್ಸು ನೊಂದಿದೆ, ಸಹಿಗಳ ಸಮೇತ ದೂರು ಬಂದಿದೆ ಎನ್ನುತ್ತದೆ ನಿಮ್ಮ ಆದೇಶ. ಸಹಿಗಳ ಹಾಳೆಯ ನಕಲನ್ನೂ ಅದಕ್ಕೆ ಲಗತ್ತಿಸಿದ್ದೀರಿ. ಆ ಮೂವತ್ತಾರರಲ್ಲಿ ನಾಲ್ಕನೆಯವಳು ನಾನು. ನಾನು ನೊಂದಿರುವ ಸುದ್ದಿ ನನಗೆ ತಿಳಿದದ್ದು ನಿಮ್ಮ ಆದೇಶ ಓದಿಯೇ.

ಸಹಿ ನನ್ನದೇ, ಸುಳ್ಳಲ್ಲ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಓದು ನಿಂತರೂ ನಾನೇ ಎಳೆದ ಸೊಟ್ಟ ಅಕ್ಷರ ನನಗೆ ಗುರುತು ಸಿಗದೇ? ಆದರೆ ನಾನು ಹಾಕಿದ್ದು ದೂರಿಗಲ್ಲ. ನಮ್ಮ ಪ್ರಾರ್ಥನಾ ಮಂದಿರದ ಕಾರ್ಯದರ್ಶಿಗಳನ್ನು ನಾವೆಲ್ಲ ಬೆನ್ನ ಹಿಂದೆ ‘ಹೆಡ್ ಮೇಷ್ಟ್ರು’ ಎನ್ನುತ್ತೇವೆ. ಬಾಗಿಲಲ್ಲಿರುವ ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅದರ ಒಂದು ಹಾಳೆ ಹರಿದು, ದೂರಿನ ಹಿಂದೆ ಪಿನ್ನು ಚುಚ್ಚಿ ನಿಮಗೆ ಕೊಟ್ಟಿದ್ದಾರೆ. ಕೇಳಿದರೆ, ಬಂದವರೆಲ್ಲ ಒಪ್ಪಿದವರೇ ತಾನೇ ಎಂದರು. ಕಪಟಿಯಲ್ಲ, ಪಾಪ. ಎದುರಿಗೆ ಕೂತವರೆಲ್ಲ ಒಪ್ಪಿದ್ದಾರೆ ಎಂದೇ ಅವರು ಮದುವೆಯಾದಾಗಿನಿಂದ ತಿಳಿದಿದ್ದಾರೆ ಎಂದು ಅವರ ಹೆಂಡತಿಯೇ ಹೇಳುತ್ತಾರೆ.

ನೀವಾದರೂ ಕಣ್ಣು ಬಿಟ್ಟು ನೋಡಬಾರದಿತ್ತೇ? ಹಾಳೆಯ ಮೇಲಿನ ತಾರೀಕು ಸಿನಿಮಾ ಮುಗಿಯುವುದಕ್ಕೆ ಎರಡು ತಿಂಗಳು ಮೊದಲಿನದು. ಅಂದರೆ ನಾವು ಮುಂಗಡವಾಗಿಯೇ ನೊಂದುಕೊಂಡಿದ್ದೆವು. ಹತ್ತೊಂಬತ್ತನೇ ಸಹಿಯ ಪಕ್ಕದಲ್ಲಿ ‘ನಲ್ಲಿ ಸೋರುತ್ತಿತ್ತು, ವಾಷರ್ ಹಾಕಿದೆ’ ಎಂದಿದೆ. ಅವನು ಕೊಳಾಯಿ ರಿಪೇರಿಯವನು. ಅವನ ಧಾರ್ಮಿಕ ಭಾವನೆ ಎಲ್ಲಿ ಸೋರಿತು ಎಂದು ಇಲಾಖೆ ವಿಚಾರಿಸಿತೇ? ಇಪ್ಪತ್ತೇಳು ಪಕ್ಕದ ಮನೆಯ ಅಕ್ಕ, ಇಪ್ಪತ್ತೆಂಟು ಅವರ ಗಂಡ, ಕೈಬರಹ ಮಾತ್ರ ಒಂದೇ. ಅಂದು ಆ ಭಾವ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ನಿದ್ದೆಗೂ ಭಂಗ ಬಾರದ ಹಾಗೆ ನೊಂದ ಮನುಷ್ಯ.

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಯ ಮೂರು ಮಹಡಿ ಹತ್ತಿ ಬಂದೆ. ನೀವು ಸಭೆಯಲ್ಲಿದ್ದಿರಿ. ಸಿನಿಮಾವನ್ನು ಇಲ್ಲಿ ಯಾರಾದರೂ ನೋಡಿದ್ದೀರಾ ಎಂದು ಗುಮಾಸ್ತರನ್ನು ಕೇಳಿದೆ. ಇಲ್ಲವಂತೆ, ನೋಡುವ ಪದ್ಧತಿ ಇಲ್ಲವಂತೆ. ‘ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತಲೇ ನಿಲ್ಲಿಸಿದ್ದು ಅಜ್ಜಿ’ ಎಂದರು.

‘ನನ್ನ ಮನಸ್ಸು ನನ್ನ ಹತ್ತಿರವೇ ಇತ್ತಲ್ಲಪ್ಪ, ಒಂದು ಮಾತು ಕೇಳಬಾರದಿತ್ತಾ?’ ಎಂದೆ. ಅವರು ಫೈಲಿನ ದಾರ ಕಟ್ಟಿದರು.

ನಗು ಬಂದರೆ ನಗಿ, ನಾನೂ ನಕ್ಕಿದ್ದೇನೆ. ಆದರೆ ಆ ಪಟ್ಟಿಯನ್ನು ನನ್ನ ಮೊಮ್ಮಗಳೂ ನೋಡಿದಳು. ದಿನಾ ಬೆಳಗ್ಗೆ ನನ್ನ ಕಣ್ಣಿಗೆ ಔಷಧಿ ಬಿಡುವವಳು ಅವಳೇ. ಮೊದಲು ‘ಏ ಮುದುಕಿ, ಅಲ್ಲಾಡಬೇಡ’ ಎಂದು ಗದರುತ್ತಿದ್ದಳು. ಈಗ ‘ಮೇಲೆ ನೋಡಿ’ ಎನ್ನುತ್ತಾಳೆ, ಬೇರೆ ಮಾತಿಲ್ಲ. ಇಪ್ಪತ್ತಾರು ವರ್ಷ ಏಕವಚನದಲ್ಲಿ ನನ್ನನ್ನು ಆಳಿದವಳು ಗೌರವ ಕೊಡತೊಡಗಿದ್ದಾಳೆ ಎಂದರೆ ಸಿಟ್ಟು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ. ಅದು ಹಾಜರಿಯ ಸಹಿ ಕಣೇ ಎಂದೆ. ‘ಇರಬಹುದು’ ಎಂದಳು. ಸರ್ಕಾರದ ಮೊಹರಿನ ಎದುರು ಅಜ್ಜಿಯ ಬಾಯಿಮಾತು ನಿಲ್ಲುತ್ತದೆಯೇ?

ಆ ಸಿನಿಮಾದಲ್ಲಿ ನಾನೂ ಇದ್ದೇನೆ ಸ್ವಾಮಿ. ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ ಕ್ಯಾಮೆರಾ ಎದುರಿಗಿಟ್ಟು ಕೇಳಿದಳು, ‘ಅಜ್ಜೀ, ಐವತ್ತು ವರ್ಷ ಬೇಡಿಕೊಂಡೆಯಲ್ಲ, ಮೊಣಕಾಲು ವಾಸಿಯಾಯ್ತಾ?’

‘ಇಲ್ಲ.’

‘ಮತ್ತೆ ಯಾಕೆ ಹೋಗ್ತೀಯ?’

‘ರೂಮಿನ ಲೈಟ್ ಆರಿಸು ಅಂತ ನಿನಗೂ ದಿನಾ ಹೇಳ್ತೀನಿ. ನೀನು ಕೇಳಲ್ಲ. ಹಾಗಂತ ನಿನ್ನ ಹತ್ತಿರ ಮಾತು ಬಿಟ್ಟಿದ್ದೀನಾ?’

ಸಿನಿಮಾ ಮುಗಿಯುವುದೇ ಈ ಮಾತಿನಿಂದ ಎಂದು ಅವಳೇ ಹೇಳಿದ್ದಳು, ಮಾತು ಬಿಡುವ ಮೊದಲು. ಉಳಿದದ್ದರಲ್ಲಿ ಅವಳು ನನ್ನ ನಂಬಿಕೆಯನ್ನು ಎಷ್ಟು ಜಾಡಿಸಿದ್ದಾಳೋ ನೋಡಬೇಕು, ಮನೆಗೆ ಬಂದು ಜಗಳ ಆಡಬೇಕು. ಅದಕ್ಕೆ ನಿಮ್ಮ ಕಾವಲು ಬೇಡ. ದೇವರನ್ನು ನಾನೇ ಐವತ್ತು ವರ್ಷದಿಂದ ಬಯ್ಯುತ್ತಿದ್ದೇನೆ, ಅವನು ಒಂದು ದಿನವೂ ಮಂದಿರಕ್ಕೆ ಬೀಗ ಹಾಕಿಸಲಿಲ್ಲ. ನಿಮಗೇಕೆ ಅವಸರ?

ಆದ್ದರಿಂದ ಆದೇಶ ಹಿಂಪಡೆಯಿರಿ. ಆ ಹಾಳೆ ಬರೀ ಹಾಜರಿಯದು ಎಂದು ಮೊಹರು ಒತ್ತಿ ಬರೆದುಕೊಡಿ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಾಕಿಸಿ, ಒಂದು ನನಗೆ, ಒಂದು ಹೆಡ್ ಮೇಷ್ಟ್ರಿಗೆ. ಬೇಕಾದರೆ ನೀವೂ ಬನ್ನಿ, ಬಾಗಿಲಲ್ಲಿ ಸಹಿ ಕೇಳುವುದಿಲ್ಲ. ನನ್ನ ಕಣ್ಣಿನ ಔಷಧಿ ಈ ತಿಂಗಳ ಕೊನೆಯವರೆಗೆ ಬರುತ್ತದೆ. ಹೊಸ ಶೀಸೆ ತೆರೆಯುವ ದಿನ ನನಗೆ ‘ಏ ಮುದುಕಿ’ ಎಂದೇ ಕೇಳಿಸಬೇಕು. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ.

ಇಂತಿ,
ನಿಮ್ಮ ಪಟ್ಟಿಯ ನಾಲ್ಕನೇ ನೊಂದ ಮನಸ್ಸು,
ನಿಮ್ಮ ಆದೇಶ ಬಂದ ಮೇಲೆ ನಿಜಕ್ಕೂ ನೊಂದದ್ದು