ಇಲ್ಲದ ಇಗರ್ಜಿಯ ತೊಲೆ

ಮಾರ್ಚ್ 24, 1738. ಸೋಮವಾರ.
ಬೆಳಗಿನ ಪೂಜೆಗೆ ಮೂವತ್ತು ಜನ. ಎಲ್ಲರೂ ಮಂಡಿಯೂರಿದಾಗ ನಮ್ಮ ಇಗರ್ಜಿ ಅಡಗಿರುವ ಈ ಮನೆಯ ಅಟ್ಟದ ನೆಲ ಮತ್ತೆ ಕಿರುಗುಟ್ಟಿತು. ಕೆಳಗಿನ ತೊಲೆ ಸೀಳಿದೆ, ಹೆಬ್ಬೆರಳು ತೂರುವಷ್ಟು. ಶುಭ ಶುಕ್ರವಾರಕ್ಕೆ ಇನ್ನೂರು ಜನ ಹತ್ತುತ್ತಾರೆ. ತೊಲೆ ಬದಲಿಸಲು ನಗರ ಕಚೇರಿಯ ಪರವಾನಗಿ ಬೇಕು. ಹಾಲೆಂಡಿನ ಪ್ರಾಟೆಸ್ಟಂಟ್ ಸರ್ಕಾರ ನಮ್ಮ ಕ್ಯಾಥೊಲಿಕ್ ಪೂಜೆಯನ್ನು ನಿಷೇಧಿಸಿದೆ; ಬೀದಿಗೆ ಕಾಣದಿದ್ದರೆ ಸುಮ್ಮನಿರುತ್ತದೆ. ಕಾಣದ್ದಕ್ಕೆ ಪರವಾನಗಿ ಕೇಳುವುದು ಹೇಗೋ...

ಮಾರ್ಚ್ 26.
ಅಧಿಕಾರಿ ರೈನೌಟ್ ಪೈಪು ಸೇದುತ್ತ ಅರ್ಜಿ ಓದಿದ. "ಇಗರ್ಜಿ ಅಂತ ಬರೆದಿದ್ದೀರಲ್ಲ ಫಾದರ್! ಈ ಊರಲ್ಲಿ ನಿಮ್ಮ ಇಗರ್ಜಿನೇ ಇಲ್ಲ. ಇಲ್ಲದ್ದರ ತೊಲೆ ಹೇಗೆ ಮುರಿಯತ್ತೆ?"
"ಹೋದ ತಿಂಗಳು ನೀವೇ ಬಂದು ನೋಡಿದ್ರಲ್ಲ!"
"ನೋಡಿದ್ದು ನಾನು. ಕಚೇರಿ ನೋಡಿಲ್ಲ. ಚೀಸ್ ಗೋದಾಮು ಅಂತ ಬರೆದು ಸಹಿ ಹಾಕಿ, ಸಂಜೆಗೇ ಮುದ್ರೆ ಒತ್ತಿಸ್ತೀನಿ."
ಎದ್ದು ಬಂದೆ. ಇಪ್ಪತ್ತು ವರ್ಷ ಅಡಗಿಸಿದ್ದೇನೆ, ನಿಜ. ಇಲ್ಲವೆಂದು ಕೈಯಾರೆ ಬರೆದುಕೊಟ್ಟಿಲ್ಲ. ತಲೆ ಚಿಟ್ಟುಹಿಡಿದಿದೆ.

ಏಪ್ರಿಲ್ 1.
ಇಗರ್ಜಿಯ ಕೆಲಸ ನೋಡಿಕೊಳ್ಳುವ ನೇಲ್ಚೆ ಬೆಳಗಿನಿಂದ ಬೆನ್ನು ಬಿಟ್ಟಿಲ್ಲ. "ಬರೆದುಕೊಡಿ ಫಾದರ್. ದೇವರಿಗೆ ಎಲ್ಲಾ ಗೊತ್ತು."
"ಅದೇ ಕಣಮ್ಮ ಕಷ್ಟ."
"ಹಂಗಾದ್ರೆ ನೆಲ ಕುಸಿದ್ಮೇಲೆ ಸತ್ತೋರ ಮಕ್ಕಳಿಗೆ ನೀವೇ ಸಮಾಧಾನ ಹೇಳಿ!"
ಸಹಿ ಹಾಕಿದೆ. ಸಂಜೆಗೇ ಮುದ್ರೆ ಬಿತ್ತು.

ಏಪ್ರಿಲ್ 3.
ಬಡಗಿ ಬಂದ. ಅವನೂ ಪ್ರಾಟೆಸ್ಟಂಟ್. ಸುತ್ತ ನೋಡಿ ಕೇಳಿದ, "ಬಲಿಪೀಠದ ಭಾರ ಎಲ್ಲಿ ಬೀಳತ್ತೆ?"
"ಇದು ಚೀಸ್ ಗೋದಾಮು."
"ಹೌದೌದು. ನಮ್ಮತ್ತೆ ಪ್ರತಿ ಭಾನುವಾರ ಚೀಸ್ ತರಕ್ಕೆ ಇಲ್ಲಿಗೇ ಬರ್ತಾರೆ. ಬರಿಗೈಲಿ ವಾಪಸ್!"
ಊರಿಗೆಲ್ಲ ಗೊತ್ತಿರುವುದನ್ನು ಮುಚ್ಚಲು ನಾನೊಬ್ಬ ಸುಳ್ಳುಗಾರನಾಗಬೇಕಿತ್ತೆ? ಥೂ! ಅವನು ಕೂರಿಸಿದ ಹೊಸ ತೊಲೆ ಮಾತ್ರ ಗಟ್ಟಿಯಾಗಿದೆ.

ಏಪ್ರಿಲ್ 4. ಶುಭ ಶುಕ್ರವಾರ, ಸಂಜೆ.
ಇನ್ನೂರ ಹತ್ತು ಜನ. ನೆಲ ಮಿಸುಕಲಿಲ್ಲ. ಯೇಸುವಿನ ಯಾತನೆಯ ಪಾಠ ಓದುತ್ತಿದ್ದೆ. ಶಿಷ್ಯ ಪೇತ್ರ ಹೆದರಿ, ತನ್ನ ಗುರು ಯಾರೆಂದೇ ಗೊತ್ತಿಲ್ಲವೆಂದುಬಿಡುವ ಜಾಗ ಬಂತು. ಪ್ರತಿ ವರ್ಷ ಓದಿದ್ದೇ—ನಾಲಿಗೆ ಏಳಲಿಲ್ಲ. ಜನ ತಲೆಯೆತ್ತಿ ನೋಡಿದರು. ನಾಚಿಕೆಯಿಂದ ಸತ್ತೇಹೋದೆ. ಹಿಂದಿನಿಂದ ನೇಲ್ಚೆಯ ಪಿಸುಮಾತು: "ಓದಿ ಫಾದರ್. ಅವನಿಗೂ ಕ್ಷಮೆ ಸಿಕ್ತಲ್ಲ."
ಸಿಕ್ಕಿತು. ಪೇತ್ರ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ನಾನು ಈ ಪೂಜಾವಸ್ತ್ರದಲ್ಲಿ ಬಾಗಿಲು ದಾಟಿ ಬೀದಿಗೆ ಕಾಣುವಂತೆಯೂ ಇಲ್ಲ, ಅಳುವುದಕ್ಕಾದರೂ—