ಪುಕ್ಕಟೆ ಬಲ್ಬಿಗೂ ಬೆಲೆ

ಸ್ವಾನ್ಸೀ

ತಂಗಿ ಆಲ್ವೆನ್,

ನಿನ್ನ ಮಂಡಿನೋವು ಹೇಗಿದೆ? ಎಮ್ರಿಸ್‌ಗೆ ಕೆಮ್ಮು ಇಳಿಯಿತೇ? ಕ್ಯಾರಿಸ್ ಸರಿಯಾಗಿ ಉಣ್ಣುತ್ತಿದ್ದಾಳಾ?

ನಿನ್ನ ಮಗಳು ಕ್ಯಾರಿಸ್ ನನ್ನನ್ನು ಸೇರಿಸಿದ ಕಂಪನಿಯಿಂದಲೇ ನನಗೆ ಗ್ಯಾಸು, ಕರೆಂಟು, ಫೋನು ಎಲ್ಲ ಬರುತ್ತಿತ್ತಲ್ಲ. ನಾನೀಗ ಹೋಗಲಿರುವ ಹೊಸ ಮನೆಯಲ್ಲಿ ಅವೆಲ್ಲ ಬಾಡಿಗೆಯಲ್ಲೇ ಸೇರಿವೆ, ಇನ್ನು ಸಾಕು ಎಂದರೆ ಒಂದೊಂದಕ್ಕೂ ಬೇರೆ ಬೇರೆ ದಂಡ. ಪುಕ್ಕಟೆ ಹಾಕಿಕೊಟ್ಟ ಬಲ್ಬುಗಳಿಗೂ ಬೆಲೆ ಕಟ್ಟಿದ್ದಾರೆ.

"ಸಣ್ಣ ಅಕ್ಷರದಲ್ಲಿ ಬರೆದಿತ್ತಲ್ಲಮ್ಮ" ಎಂದಳು ಕಂಪನಿಯ ಫೋನಿನವಳು.

"ಅದನ್ನ ಓದೋ ಕಣ್ಣನ್ನೂ ಪುಕ್ಕಟೆ ಕೊಡಬೇಕಿತ್ತು ಕಣಮ್ಮ" ಎಂದೆ.

ದಂಡ ಕಟ್ಟಿಯಾಯಿತು, ಬಿಡು. ಆದರೆ ಸುದ್ದಿ ಕೇಳಿದಾಗಿನಿಂದ ಕ್ಯಾರಿಸ್ ಭಾನುವಾರದ ಚಹಾಕ್ಕೆ ಬರುವುದನ್ನೇ ನಿಲ್ಲಿಸಿದ್ದಾಳೆ. ಚರ್ಚಿನಲ್ಲಿ ಕಂಡರೂ ತಲೆ ತಗ್ಗಿಸುತ್ತಾಳೆ. ನೆಂಟರನ್ನೆಲ್ಲ ಈ ಕಂಪನಿಗೆ ಸೇರಿಸಿದ ಅವಳಿಗೂ ಈ ದಂಡದ ವಿಷಯ ಗೊತ್ತಿರಲಿಲ್ಲ, ಬೈಯಬೇಡ. ನನಗೆ ಸುಸ್ತು, ಶನಿವಾರ ಪಿಂಗಾಣಿ ಸಾಮಾನು ಕಟ್ಟಲು ಅವಳ ಕೈಯೇ ಬೇಕು, ಕೂಲಿಯವರು ಒಡೆದುಹಾಕುತ್ತಾರೆ ಎಂದು ಹೇಳು. ಬರುತ್ತಾಳೋ ಇಲ್ಲವೋ, ಬೇಗ ಬರೆ.

ನಿನ್ನ ಅಕ್ಕ,
ನೆರಿಸ್