ನೀನು ಕಟ್ಟಿದ ಅಟ್ಟಿ

ಮಾಕುಯ್,

ನಿನ್ನ ಮೆಚ್ಚಿನ ಎತ್ತಿನಿಂದ ನಿನಗೆ ಬಂದ ಈ ಹೆಸರಿನಿಂದ ನಿನ್ನನ್ನು ಕರೆಯುವುದು ಇದೇ ಕೊನೆ. ಆ ಹಕ್ಕು ಗೆಳೆಯರಿಗೆ ಮಾತ್ರ. ರಾಜಧಾನಿ ಜುಬಾಕ್ಕೆ ಹೋದಾಗಿನಿಂದ ನಿನ್ನ ಫೋನು ಸತ್ತಿದೆ. ಈ ಪತ್ರವೂ ಎಲ್ಲಿಗೂ ಹೋಗುವುದಿಲ್ಲ.

ಇವತ್ತು ಬೆಳಿಗ್ಗೆ ಬೋರ್ ಪಟ್ಟಣದ ಪರಿಹಾರ ಗೋದಾಮಿನಲ್ಲಿ ನೀನು ಕಟ್ಟಿಹೋದ ಜೋಳದ ಚೀಲಗಳ ಅಟ್ಟಿ ಕುಸಿಯಿತು. ಮೇಲೆ ಹತ್ತಿದ್ದ ಹಮಾಲಿ ಅಚಿಯೆಕ್ ಸೊಂಟದವರೆಗೆ ಒಳಗಿಳಿದುಬಿಟ್ಟ.

"ಅಯ್ಯೋ ಅಣ್ಣಾ, ಇದರ ಹೊಟ್ಟೇಲಿ ಏನೂ ಇಲ್ಲ!" ಎಂದು ಅಲ್ಲಿಂದಲೇ ಕೂಗಿದ.

ಸುತ್ತಲೂ ಚೀಲ, ನಡುವೆ ಟೊಳ್ಳು, ಅದರ ಮೇಲೆ ಹಲಗೆ ಹಾಸಿ ಮತ್ತೆ ಚೀಲ.

ಯುದ್ಧ ನಿಂತ ವರ್ಷ ನನಗೆ ಅಟ್ಟಿ ಕಟ್ಟಲು ಕಲಿಸಿದವನು ನೀನು. ಒಂದು ಸಾಲು ಉದ್ದ, ಮುಂದಿನದು ಅಡ್ಡ. ಆಗ ಒಂದನ್ನೊಂದು ಕಚ್ಚಿಕೊಂಡು ನಿಲ್ಲುತ್ತವೆ ಎಂದಿದ್ದೆ. ತಪಾಸಣೆಯಲ್ಲಿ ನಾನು ಬೇರೆಯವರ ಅಟ್ಟಿಗಳ ಮೇಲೆ ಹತ್ತಿ, ನಡುವೆ ತುಳಿದು ನೋಡುತ್ತಿದ್ದೆ. ನಿನ್ನದನ್ನು ಒಮ್ಮೆಯೂ ತುಳಿಯಲಿಲ್ಲ. ಅದು ನಿನಗೆ ಗೊತ್ತಿತ್ತು.

ಹೊರಗೆ ಹೆಂಗಸರು ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ನಿನ್ನ ಅವ್ವ. ಜೋಳ ಎಲ್ಲರಿಗೂ ಸಾಲುವುದಿಲ್ಲ ಎಂದೆ. ಅವಳು ಒಳಗೆ ಇಣುಕಿ ನಕ್ಕಳು.

"ಯಾವ ದಡ್ಡ ಕಟ್ಟಿದ್ದೋ ಇದನ್ನ? ನನ್ನ ಮಗ ಕಟ್ಟಿದ್ರೆ ಬೀಳ್ತಿತ್ತೇನೋ?"

"ಇಲ್ಲವ್ವಾ," ಎಂದೆ. "ಇದನ್ನ ಬೇರೆ ಯಾರೋ ಕಟ್ಟಿದ್ದು."

ಅವಳ ಪಾಲನ್ನು ಅಳೆಯಲು ಹೋದೆ. ಅವಳು ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡು, ಹಿಂದೆ ನಿಂತಿದ್ದ ಬಾಣಂತಿಯನ್ನು ಮುಂದಕ್ಕೆ ತಳ್ಳಿದಳು.

"ಇವಳಿಗೆ ಹಾಕಪ್ಪಾ. ಇವಳಿಗೆ ಯಾರೂ ಇಲ್ಲ. ನಂಗೆ ಮಗ ಇದಾನೆ."